ಬಾಡಿಗೆಯ ತಾರೀಕು: ಇಬ್ಬರ ಮೇಲೂ ಇರುವ ಹೊಣೆ

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್.

ಸಹೋದರರೇ, ಈ ಸಫ್‌ಗಳಲ್ಲಿ ಮನೆ ಬಾಡಿಗೆಗೆ ಕೊಟ್ಟವರಿದ್ದಾರೆ, ಬಾಡಿಗೆ ಮನೆಯಲ್ಲಿ ಇರುವವರೂ ಇದ್ದಾರೆ. ಭುಜಕ್ಕೆ ಭುಜ ತಾಗಿಸಿ ನಿಂತವರೇ ತಿಂಗಳ ಐದನೇ ತಾರೀಕು ದಾಟಿದರೆ ಒಬ್ಬರ ಮುಖ ಒಬ್ಬರು ನೋಡದೆ ಹೊರಟುಬಿಡುತ್ತಾರೆ. ಆದ್ದರಿಂದ ಇಂದು ಬಾಡಿಗೆಯ ಗಡುವು, ಕಾಲಾವಕಾಶ ಮತ್ತು ತಡವಾದಾಗ ಹಾಕುವ ದಂಡದ ಬಗ್ಗೆ ಮಾತನಾಡೋಣ.

ಪ್ರವಾದಿಯವರ(ಸ) ಮಸೀದಿಯಲ್ಲೇ ಬಾಕಿಯ ವಿಷಯದಲ್ಲಿ ಜಗಳವಾಯಿತು. ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲವನ್ನು ಇಬ್ನು ಅಬೀ ಹದ್ರದ್(ರ)ರಿಂದ ಕೇಳಿದರು. ಇಬ್ಬರ ಸ್ವರವೂ ಏರಿತು. ಮನೆಯೊಳಗಿದ್ದ ಪ್ರವಾದಿಯವರು(ಸ) ಪರದೆ ಸರಿಸಿ, ಅರ್ಧ ಬಿಟ್ಟುಬಿಡುವಂತೆ ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದರು. ಆಗ ಪ್ರವಾದಿಯವರು(ಸ) ಸಾಲಗಾರನ ಕಡೆ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಹೇಳಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಘಟನೆ ಇದೆ. ಬರಬೇಕಾದವನಿಗೆ ಔದಾರ್ಯ, ಕೊಡಬೇಕಾದವನಿಗೆ ತ್ವರೆ: ಇವೆರಡನ್ನೂ ಒಟ್ಟಿಗೆ ಕಲಿಸಲಾಯಿತು. ನಾವು ನಮಗೆ ಅನುಕೂಲವಾದ ಅರ್ಧವನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ.

ಮೊದಲು ಬಾಡಿಗೆದಾರರಿಗೆ. ಕರಾರುಗಳನ್ನು ಪಾಲಿಸಬೇಕೆಂಬ ಆಜ್ಞೆಯೊಂದಿಗೇ ಕುರ್‌ಆನಿನ ಐದನೇ ಅಧ್ಯಾಯ ಆರಂಭವಾಗುತ್ತದೆ. ಒಪ್ಪಿದ ತಾರೀಕೂ ಕರಾರಿನ ಭಾಗವೇ. ಶಕ್ತಿಯಿದ್ದೂ ಬಾಕಿ ಮುಂದೂಡುವುದು ಅನ್ಯಾಯವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಹೊಸ ಮೊಬೈಲಿನ ಕಂತು ತಪ್ಪದೆ ಕಟ್ಟಿ, ಬಾಡಿಗೆಗೆ ಮಾತ್ರ ‘ನಾಳೆ’ ಎನ್ನುವುದು ಸರಿಯೇ? ಅಡ್ವಾನ್ಸ್ ಇದೆಯಲ್ಲ, ಅದರಲ್ಲೇ ಮುರಿದುಕೊಳ್ಳಲಿ ಎಂದು ಕೇಳದೆ ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸುವವರೂ ಇದ್ದಾರೆ. ಮನೆ ಮಾಲೀಕರೆಲ್ಲ ಸಿರಿವಂತರಲ್ಲ. ಆ ಬಾಡಿಗೆಯಿಂದಲೇ ಔಷಧಿ ಕೊಳ್ಳುವ ವಿಧವೆಯೂ ಇರಬಹುದು. ಸಾಲ ಉಳಿಸಿ ತೀರಿಹೋದ ಒಬ್ಬರ ಜನಾಝ ನಮಾಝ್ ನಿರ್ವಹಿಸದೆ ಪ್ರವಾದಿಯವರು(ಸ) ಹಿಂದೆ ಸರಿದಿದ್ದರು. ಅಬೂ ಕತಾದ(ರ) ಆ ಸಾಲವನ್ನು ವಹಿಸಿಕೊಂಡ ಬಳಿಕವೇ ನಿರ್ವಹಿಸಿದರು. ಬಾಕಿ ಬಾಡಿಗೆಯೂ ಸಾಲವೇ.

ನಿಜವಾಗಿ ಕೈ ಬರಿದಾಗಿದ್ದರೆ ತಾರೀಕಿಗೆ ಮುಂಚೆಯೇ ಹೋಗಿ ಹೇಳಿ. ಫೋನ್ ಎತ್ತದೆ ಕೂರಬೇಡಿ. ಎಂದು, ಎಷ್ಟು ಕೊಡಬಲ್ಲಿರಿ ಎಂದು ತಿಳಿಸಿ, ಇರುವಷ್ಟನ್ನು ಅಂದೇ ಕೊಡಿ.

ಈಗ ಮಾಲೀಕರಿಗೆ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮ ಎಂದು ಅಲ್ ಬಕರಃ ಅಧ್ಯಾಯದ 280ನೇ ಸೂಕ್ತ ಕಲಿಸುತ್ತದೆ. ಬಡ್ಡಿಯನ್ನು ನಿಷೇಧಿಸುವ ಸೂಕ್ತಗಳ ಬೆನ್ನಿಗೇ ಇದು ಬಂದಿದೆ. 8,000 ರೂಪಾಯಿ ಬಾಡಿಗೆಗೆ ದಿನಕ್ಕೆ 100 ರೂಪಾಯಿ ದಂಡ ಎಂದಿಟ್ಟುಕೊಳ್ಳಿ. ಹತ್ತು ದಿನಕ್ಕೆ 1,000 ರೂಪಾಯಿ, ಅಂದರೆ ನೂರಕ್ಕೆ ಹನ್ನೆರಡೂವರೆ. ಸಾಲದ ಮೇಲೆ ದಿನ ಕಳೆದಂತೆ ಬೆಳೆಯುವ ಈ ಹಣಕ್ಕೆ ‘ಲೇಟ್ ಫೀ’ ಎಂದು ಹೆಸರಿಟ್ಟರೆ ಅದರ ಗುಣ ಬದಲಾಗದು. ಕರಾರುಗಳಲ್ಲಿ ದಂಡದ ಷರತ್ತು ಇಡಬಹುದು, ಆದರೆ ಮೂಲ ಹೊಣೆಯೇ ಸಾಲವಾಗಿದ್ದಲ್ಲಿ ಇಡಬಾರದು ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 2000ದಲ್ಲಿ ರಿಯಾದ್‌ನಲ್ಲಿ ತೀರ್ಮಾನಿಸಿತು. ಉದ್ದೇಶಪೂರ್ವಕವಾಗಿ ತಡ ಮಾಡುವವನು ದಾನ ಕೊಡುವ ಷರತ್ತು ಹಾಕಬಹುದೆನ್ನುವ ವಿದ್ವಾಂಸರೂ ಆ ಹಣ ಬಡವರಿಗೆ ಸೇರಬೇಕು, ಮಾಲೀಕನ ಜೇಬಿಗಲ್ಲ ಎನ್ನುತ್ತಾರೆ.

ದೇಶದ ಕಾನೂನೂ ಮನಬಂದ ದಂಡವನ್ನು ಒಪ್ಪುವುದಿಲ್ಲ. ಪತ್ರದಲ್ಲಿ ಎಷ್ಟೇ ದಂಡ ಬರೆದಿದ್ದರೂ, 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ಆ ಮೊತ್ತ ಮೀರದ, ನ್ಯಾಯಯುತವಾದ ಪರಿಹಾರವನ್ನು ಮಾತ್ರ.

ಹಾಗೆಂದು ಮಾಲೀಕ ಕೊನೆಯಿಲ್ಲದೆ ನಷ್ಟ ಹೊರಬೇಕೆಂದಲ್ಲ. ಇದ್ದೂ ಕೊಡದವನಿಗೆ ನೋಟಿಸ್ ಕೊಟ್ಟು, ಕಾನೂನಿನ ದಾರಿಯಲ್ಲಿ ಮನೆ ಬಿಡಿಸಿಕೊಳ್ಳುವ ಹಕ್ಕು ಅವನಿಗಿದೆ. ಆದರೆ ಮನೆಯಲ್ಲಿ ಮಕ್ಕಳಿರುವಾಗ ನೀರು, ಕರೆಂಟು ಕತ್ತರಿಸುವುದು ಹಕ್ಕು ಕೇಳುವ ರೀತಿಯಲ್ಲ.

ಜಗಳ ಹುಟ್ಟುವ ಮುನ್ನವೇ ತಪ್ಪಿಸಬಹುದು. ಸಂಬಳ ಹತ್ತನೇ ತಾರೀಕಿಗೆ ಬರುವವನಿಗೆ ಒಂದನೇ ತಾರೀಕಿನ ಗಡುವು ಏಕೆ? ಹನ್ನೆರಡನೇ ತಾರೀಕೆಂದೇ ಬರೆಯಿರಿ. ಹೆಚ್ಚೆಂದರೆ ಎಷ್ಟು ದಿನ ಕಾಯುವಿರಿ ಎಂಬುದನ್ನೂ ಬರೆಯಿರಿ. ಅಡ್ವಾನ್ಸ್ ಎಷ್ಟು, ಯಾವಾಗ ಹಿಂತಿರುಗಿಸಬೇಕು ಎಂಬುದೂ ಪತ್ರದಲ್ಲಿರಲಿ. ನಗದು ಪಡೆದರೆ ರಶೀದಿ ಕೊಡಿ. ಸಾಲದ ವ್ಯವಹಾರವನ್ನು ಬರೆದಿಡಲು ಅಲ್ ಬಕರಃದ 282ನೇ ಸೂಕ್ತ ಆದೇಶಿಸುತ್ತದೆ. ಬರೆಯುವುದು ಅಪನಂಬಿಕೆಯಲ್ಲ, ಸಂಬಂಧ ಉಳಿಸುವ ದಾರಿ.

ಇಂದು ಮನೆಗೆ ಹೋದ ಮೇಲೆ ಬಾಕಿ ಇರುವವರು ತಾವಾಗಿಯೇ ಮಾಲೀಕರಿಗೆ ಫೋನ್ ಮಾಡಿ. ಲೇಟ್ ಫೀ ಎಂದು ಹಣ ಪಡೆದವರು ಅದನ್ನು ಲೆಕ್ಕ ಹಾಕಿ ಹಿಂತಿರುಗಿಸಿ.

ಅಲ್ಲಾಹನೇ, ಕೊಡಬೇಕಾದವರಿಗೆ ಕೊಡುವ ಸಾಮರ್ಥ್ಯವನ್ನೂ ಪಡೆಯಬೇಕಾದವರಿಗೆ ವಿಶಾಲ ಹೃದಯವನ್ನೂ ದಯಪಾಲಿಸು. ನಮ್ಮ ಸಂಪಾದನೆಯನ್ನು ಹಲಾಲ್ ಆಗಿರಿಸು. ಸಾಲದ ಹೊರೆಯೊಂದಿಗೆ ನಮ್ಮನ್ನು ನಿನ್ನೆಡೆಗೆ ಕರೆಸಿಕೊಳ್ಳಬೇಡ. ಆಮೀನ್.