ಗಂಟಲಿನ ಅರ್ಬುದ: ಶಸ್ತ್ರವೋ, ಕಿರಣವೋ?

(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಉಪಾಧ್ಯಾಯನಿಗೆ ಕಂಠವೇ ಬಂಡವಾಳ. ಆದುದರಿಂದಲೇ ಇರಬೇಕು, ಧ್ವನಿಪೆಟ್ಟಿಗೆಯಲ್ಲಿ ಹುಟ್ಟುವ ಅರ್ಬುದ ರೋಗದ, ಅಂದರೆ ಕ್ಯಾನ್ಸರಿನ, ವಿಷಯವನ್ನು ಓದಿದಾಗಲೆಲ್ಲ ನನ್ನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಪ್ರಾಣವನ್ನು ಉಳಿಸಿಕೊಳ್ಳಲು ಮಾತನ್ನು ತೆರಲೇಬೇಕೆ?

ರೋಗವು ಬಲಿತಿದ್ದರೆ ತೆರಲೇಬೇಕೆಂಬುದು ಬಹುಕಾಲದ ಉತ್ತರವಾಗಿತ್ತು. 1873ರಲ್ಲಿ ವಿಯೆನ್ನಾ ನಗರದ ಶಸ್ತ್ರವೈದ್ಯ ಬಿಲ್‌ರೋತ್ ಅವರು ಕ್ಯಾನ್ಸರ್ ತಗುಲಿದ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದರು. ಇಂತಹ ಶಸ್ತ್ರಚಿಕಿತ್ಸೆಯಾದವರು ಕತ್ತಿನ ಮುಂಭಾಗದ ರಂಧ್ರದಿಂದಲೇ ಜೀವಮಾನವೆಲ್ಲ ಉಸಿರಾಡಬೇಕು. ಉಸಿರು ಮೂಗನ್ನು ಹಾಯದುದರಿಂದ ಮಲ್ಲಿಗೆಯ ಪರಿಮಳವೂ ಮಂದವಾಗುತ್ತದೆ. ಸಹಜ ಧ್ವನಿಯಂತೂ ಹೋಯಿತು.

1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಒಂದು ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು. ಬಲಿತ ರೋಗದ 332 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ತರುವಾಯ ಕಿರಣಚಿಕಿತ್ಸೆ. ಇನ್ನೊಂದಕ್ಕೆ ಮೊದಲು ಔಷಧಿ. ಗಡ್ಡೆ ಕುಗ್ಗಿದವರಿಗೆ ಕಿರಣ, ಕುಗ್ಗದವರಿಗೆ ಶಸ್ತ್ರ. ಎರಡು ವರ್ಷಗಳ ತರುವಾಯ ಎರಡೂ ಗುಂಪುಗಳಲ್ಲಿ ನೂರಕ್ಕೆ 68 ಜನರು ಬದುಕಿದ್ದರು. ಎರಡನೆಯ ಗುಂಪಿನಲ್ಲಿ ನೂರಕ್ಕೆ 64 ಜನರ ಧ್ವನಿಪೆಟ್ಟಿಗೆ ಉಳಿದಿತ್ತು! ಔಷಧಿಯನ್ನೂ ಕಿರಣವನ್ನೂ ಒಟ್ಟಿಗೆ ಕೊಟ್ಟರೆ ಇನ್ನೂ ಹೆಚ್ಚು ಜನರಲ್ಲಿ ಅದು ಉಳಿಯುವುದೆಂದು 2003ರ ಮತ್ತೊಂದು ಪರೀಕ್ಷೆ ತೋರಿಸಿತು.

ಹಾಗಾದರೆ ಕಿರಣವೇ ಮೇಲೆನ್ನೋಣವೆ? ಅಷ್ಟು ಸುಲಭವಿಲ್ಲ. ಮೊದಲಿನ ಪರೀಕ್ಷೆಯಲ್ಲಿಯೇ ಅತಿ ದೊಡ್ಡ ಗಡ್ಡೆಯುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಡೆಗೆ ಶಸ್ತ್ರಕ್ಕೇ ಬರಬೇಕಾಯಿತು. ಗಡ್ಡೆಯು ಮೃದ್ವಸ್ಥಿಯನ್ನು ಕೊರೆದು ಹೊರಬಿದ್ದಿದ್ದರೆ ಇಂದಿಗೂ ವೈದ್ಯರು ಸಾಮಾನ್ಯವಾಗಿ ಶಸ್ತ್ರವನ್ನೇ ಸೂಚಿಸುತ್ತಾರೆ. ಕಿರಣಚಿಕಿತ್ಸೆಯೂ ಸುಖದ್ದಲ್ಲ; ಸುಮಾರು ಏಳು ವಾರ, ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಬೇಕು. ಬಾಯಿ ಒಣಗುತ್ತದೆ, ತುತ್ತು ಇಳಿಯದು. ಪೆಟ್ಟಿಗೆ ಉಳಿದರೂ ಅನ್ನವು ಶ್ವಾಸನಾಳಕ್ಕೆ ಜಾರುವಂತಾದರೆ ಆ ಉಳಿಕೆಯಿಂದ ಏನು ಲಾಭ? ಇತ್ತ ಶಸ್ತ್ರಚಿಕಿತ್ಸೆಯಾದವರೂ ಮೂಕರಾಗಿಯೇ ಉಳಿಯಬೇಕಾಗಿಲ್ಲ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟದೊಂದು ಕವಾಟವನ್ನಿಟ್ಟು, ಅಭ್ಯಾಸ ಮಾಡಿಸಿದರೆ, ಅನೇಕರು ಪುನಃ ಮಾತನಾಡಬಲ್ಲರು. ಸ್ವರ ಒರಟು, ಮಾತು ಸ್ಪಷ್ಟ.

ಬೀಡಿ, ಸಿಗರೇಟು, ಮದ್ಯ ಈ ರೋಗದ ಮುಖ್ಯ ಕಾರಣಗಳು. ಧ್ವನಿತಂತುವಿನ ಮೇಲೆ ಗಡ್ಡೆ ಚಿಕ್ಕದಾಗಿರುವಾಗಲೇ ಸಿಕ್ಕಿದರೆ ಕಿರಣವೊಂದೇ ಅಥವಾ ಸಣ್ಣ ಶಸ್ತ್ರಕ್ರಿಯೆಯೊಂದೇ ಬಹುಮಟ್ಟಿಗೆ ಸಾಕಾಗುತ್ತದೆ. ಮಕ್ಕಳೇ, ಅಜ್ಜನ ಧ್ವನಿ ಒಡೆದುದನ್ನು ಮನೆಯಲ್ಲಿ ಮೊದಲು ಗಮನಿಸುವವರು ನೀವೇ. ಮೂರು ವಾರವಾದರೂ ಅದು ಸರಿಹೋಗದಿದ್ದರೆ ತಂದೆತಾಯಿಗಳಿಗೆ ಹೇಳಿ, ಗಂಟಲಿನ ವೈದ್ಯರ ಬಳಿಗೆ ಅವರನ್ನು ಕರೆದೊಯ್ಯುವಂತೆ ಮಾಡಿರಿ.