ಎಕರೆ, ಗುಂಟೆ ಮತ್ತು ಪ್ರೋಗ್ರಾಮರ್



ಎರಡು ಎಕರೆ ಮೂವತ್ತೈದು ಗುಂಟೆಗೆ ಒಂದು ಎಕರೆ ಹತ್ತು ಗುಂಟೆ ಸೇರಿಸಿದರೆ ಎಷ್ಟಾಗುತ್ತದೆ? ಹಳ್ಳಿಯಲ್ಲಿ ಯಾರನ್ನು ಕೇಳಿದರೂ ನಾಲ್ಕು ಎಕರೆ ಐದು ಗುಂಟೆ ಎನ್ನುತ್ತಾರೆ. 40 ಗುಂಟೆಗೆ ಒಂದು ಎಕರೆ ಎಂಬುದು ಅವರಿಗೆ ಬಾಯಿಪಾಠ. ಪಹಣಿಯಲ್ಲಿ ಇದನ್ನೇ 2.35, 1.10 ಎಂದು ನಡುವೆ ಚುಕ್ಕೆಯಿಟ್ಟು ಬರೆಯುವ ರೂಢಿ. ಕಾಲೇಜಿನಿಂದ ಆಗತಾನೇ ಬಂದ ತರುಣ ಆ ಚುಕ್ಕೆಯನ್ನು ದಶಾಂಶ ಬಿಂದು ಎಂದುಕೊಂಡು ಕ್ರಮವಿಧಿ ಬರೆದರೆ ಗಣಕಯಂತ್ರ 3.45 ಎನ್ನುತ್ತದೆ. ಅದನ್ನು ದಶಾಂಶವೆಂದೇ ಓದಿದರೆ ಮೂರು ಎಕರೆ ಹದಿನೆಂಟು ಗುಂಟೆ. ರೈತನ 27 ಗುಂಟೆ ಕಾಗದದಲ್ಲೇ ಕರಗಿಹೋಯಿತು! ಯಂತ್ರ ತಪ್ಪು ಮಾಡಿಲ್ಲ, ಹೇಳಿದ್ದನ್ನು ಮಾಡಿದೆ.

ಸರ್ಕಾರದಲ್ಲಿ ಹೊಸದಾಗಿ ಸೇರುವ ಪ್ರೋಗ್ರಾಮರನ ಕೆಲಸ ಎಂಥದು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ.

ವಿದ್ಯಾರ್ಹತೆಯ ಮಾತನ್ನು ಬೇಗ ಮುಗಿಸೋಣ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, 1976ರಲ್ಲಿ ಆರಂಭವಾದ ಸಂಸ್ಥೆ. 2023ರಲ್ಲಿ ಅಲ್ಲಿ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಕರೆದಾಗ ಗಣಕ ಅಥವಾ ಎಲೆಕ್ಟ್ರಾನಿಕ್ಸ್ ಸಂಬಂಧದ ಬಿ.ಇ., ಎಂ.ಎಸ್ಸಿ. ಅಥವಾ ಎಂ.ಸಿ.ಎ. ಕೇಳಿದ್ದರು. ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ 65 ಪಾಲು ತಾಂತ್ರಿಕ ವಿಷಯ, ಉಳಿದದ್ದು ತರ್ಕ ಮತ್ತು ಲೆಕ್ಕ. ನನ್ನಂಥ ಬರೀ ಬಿ.ಎಸ್ಸಿ.ಗೆ ಅಲ್ಲಿ ಬಾಗಿಲಿಲ್ಲ. ಹಾಗಾಗಿ ಕ್ಯಾಮೆರಾ ಹಿಂದೆ ನಿಂತಿದ್ದೇನೆ ಎನ್ನಿ.

ಆದರೆ ಗುಂಟೆಯ ಲೆಕ್ಕ ಆ ಪದವಿಗಳ ಯಾವ ಪಠ್ಯದಲ್ಲೂ ಇರುವುದಿಲ್ಲ. ಅದು ಶಿರಸ್ತೇದಾರರ ಮೇಜಿನ ಬಳಿ, ಗ್ರಾಮಲೆಕ್ಕಿಗರ ಪುಸ್ತಕದಲ್ಲಿ ಸಿಗುತ್ತದೆ. ಕರ್ನಾಟಕದ 'ಭೂಮಿ' ಯೋಜನೆಯನ್ನು ನೋಡಿ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಎನ್‌ಐಸಿಯ ನೆರವಿನಿಂದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಅಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಕಟ್ಟುಪಾಡು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಮುಟ್ಟಲು ತಂತ್ರಾಂಶವೇ ಬಿಡುವುದಿಲ್ಲ. 'ನಮ್ಮವರದು ಸ್ವಲ್ಪ ನೋಡಿ ಸಾರ್' ಎಂಬ ಮಾತಿಗೆ ಅಡ್ಡ ನಿಂತದ್ದು ಕೆಲವೇ ಸಾಲುಗಳ ಕ್ರಮವಿಧಿ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಮಾಡಿದ ಕೆಲಸಕ್ಕೆ ಹೊಣೆಯಾಗಬೇಕು.

ಇಂಥ ವ್ಯವಸ್ಥೆಯಲ್ಲಿ ಹೊಸ ಪ್ರೋಗ್ರಾಮರ್ ಮೊದಲ ದಿನವೇ ದೊಡ್ಡ ತಂತ್ರಾಂಶ ರಚಿಸುತ್ತಾನೆಂದು ಭಾವಿಸಬೇಡಿ. ಬೇರೆಯವರು ಬರೆದದ್ದನ್ನು ಓದುವುದು, ದೋಷ ಹುಡುಕುವುದು, ಇಲಾಖೆ ಹೊಸ ಸುತ್ತೋಲೆ ಹೊರಡಿಸಿದಾಗ ಅದಕ್ಕೆ ತಕ್ಕಂತೆ ಬದಲಿಸುವುದು, ಮಾಹಿತಿಯ ಪ್ರತಿ ತೆಗೆದಿಡುವುದು, ಕೌಂಟರಿನವರಿಗೆ ಕಲಿಸುವುದು – ದಿನಗಳು ಹೀಗೆ ಕಳೆಯುತ್ತವೆ. ಬೇಸರದ ಕೆಲಸವೆನ್ನಿಸಬಹುದು.

ನಮ್ಮ ಮನೆಯದೇ ಒಂದು ಸಂಗತಿ. ನಮ್ಮ ತಂದೆಯ ಹೆಸರಿನ 'ದ್ಧ' ಪಹಣಿಯಲ್ಲಿ 'ದ್ದ' ಆಗಿತ್ತು. ಬ್ಯಾಂಕಿನವರು ಹೆಸರು ಹೊಂದುತ್ತಿಲ್ಲವೆಂದು ಬೆಳೆ ಸಾಲ ತಡೆದರು. ಒಂದು ಮಹಾಪ್ರಾಣಕ್ಕಾಗಿ ಐದು ಸಲ ಕಚೇರಿಗೆ ಅಲೆದದ್ದಾಯಿತು. ನಾಲ್ಕನೆಯ ಸಲ ಜಿಲ್ಲಾ ಕೇಂದ್ರದಿಂದ ಬಂದಿದ್ದ ಹುಡುಗನೊಬ್ಬ ಸಿಕ್ಕಿದ. ಕುಳಿತಲ್ಲೇ ತಿದ್ದಿಬಿಡಪ್ಪಾ ಎಂದರು ತಂದೆ. "ಯಜಮಾನ್ರೇ, ನನಗೆ ತಿದ್ದೋಕೆ ಗೊತ್ತಿದೆ, ಆದ್ರೆ ತಿದ್ದೋ ಹಾಗಿಲ್ಲ. ತಹಶೀಲ್ದಾರರ ಆದೇಶ ಬೇಕು" ಎಂದ. ತಂದೆಗೆ ಸಿಟ್ಟು ಬಂತು. ಅವನು ಸುಮ್ಮನೆ ಕಾಗದ ಕೊಟ್ಟು, ಹೆಸರನ್ನು ಅವರ ಕೈಯಲ್ಲೇ ಬರೆಯಿಸಿಕೊಂಡ. ಆ ಎರಡು ಅಕ್ಷರಗಳನ್ನು ತನ್ನ ಡೈರಿಗೆ ಇಳಿಸಿಕೊಂಡ. ಇದೇ ರೀತಿಯ ತಪ್ಪು ಇನ್ನೆಷ್ಟು ಪಹಣಿಗಳಲ್ಲಿದೆ ಎಂದು ಪಟ್ಟಿ ತೆಗೆದು ಕಚೇರಿಗೆ ಕೊಡುತ್ತೇನೆ ಎಂದ.

ಆದೇಶವಾಗಿ ಸರಿಯಾದ ಪಹಣಿ ನಮ್ಮ ಕೈಗೆ ಬರುವ ಹೊತ್ತಿಗೆ ಆ ವರ್ಷದ ಬಿತ್ತನೆ ಮುಗಿದಿತ್ತು.