ಸಂತ ಜೆರೋಮರ ಹಬ್ಬ: ಪದದ ಕೊನೆಯಲ್ಲಿ ಏನಿದೆ?



ಇಂದು ಸೆಪ್ಟೆಂಬರ್ 30. ಪವಿತ್ರ ಬೈಬಲನ್ನು ಲತೀನ್ ಭಾಷೆಗೆ ತಂದ ಸಂತ ಜೆರೋಮರ ಹಬ್ಬ. 382ರ ಸುಮಾರಿಗೆ ಪೋಪ್ ದಮಾಸುಸರು ಈ ಕೆಲಸಕ್ಕೆ ಅವರನ್ನು ಹಚ್ಚಿದರು. 420ರಲ್ಲಿ ಬೆತ್ಲೆಹೇಮಿನಲ್ಲಿ ಅವರು ತೀರಿಕೊಂಡರು. ಚಿತ್ರಗಳಲ್ಲಿ ನಾವು ಕಾಣುವುದು ಬಿಳಿಗಡ್ಡದ ಪಂಡಿತರನ್ನು, ಪಕ್ಕದಲ್ಲಿ ಸಿಂಹ, ಮೇಜಿನ ಮೇಲೆ ತಲೆಬುರುಡೆ. ನಾವು ಇಂದು ನೆನೆಯಬೇಕೆಂದಿರುವುದು ಈ ಮಹಾಪಂಡಿತ ಜೆರೋಮರನ್ನಲ್ಲ, ಪಾಠ ತಲೆಗೆ ಹತ್ತದೆ ಒದ್ದಾಡಿದ ವಿದ್ಯಾರ್ಥಿ ಜೆರೋಮರನ್ನು. ಸಿರಿಯಾದ ಮರುಭೂಮಿಯಲ್ಲಿದ್ದಾಗ ಅವರು ಹೀಬ್ರೂ ಭಾಷೆಯನ್ನು ಅಕ್ಷರದಿಂದ ಕಲಿಯತೊಡಗಿದರು. ಕಲಿಸಿದವರು ಕ್ರೈಸ್ತರಾಗಿದ್ದ ಒಬ್ಬ ಯೆಹೂದ್ಯ. ಎಷ್ಟೋ ಸಲ ಬೇಸತ್ತು ಪುಸ್ತಕ ಮುಚ್ಚಿಟ್ಟು, ಮತ್ತೆ ತೆರೆದು ಕುಳಿತದ್ದನ್ನು ಮುಪ್ಪಿನಲ್ಲಿ ತಾವೇ ಪತ್ರವೊಂದರಲ್ಲಿ ಬರೆದಿದ್ದಾರೆ.

ಈ ಮಾತು ನಮ್ಮ ಧರ್ಮಕೇಂದ್ರದವರಿಗೆ ಈ ವರ್ಷ ಚೆನ್ನಾಗಿ ಅರ್ಥವಾಗುತ್ತದೆ. ಮಹದೇವಪುರದಲ್ಲಿ ಲತೀನ್ ಪಾಠ ನಡೆಯುತ್ತಿದೆ ಎಂದರೆ ಹೊರಗಿನವರು ನಗುತ್ತಾರೆ. ಟಿನ್ ಫ್ಯಾಕ್ಟರಿಯ ಟ್ರಾಫಿಕ್, ಕೆ.ಆರ್. ಪುರದ ತೂಗುಸೇತುವೆ, ವೈಟ್‌ಫೀಲ್ಡ್ ಕಡೆಯ ಐ.ಟಿ. ಕಂಪನಿಗಳು, ರಾತ್ರಿಪಾಳಿ; ಇದರ ನಡುವೆ ಲತೀನ್ ಯಾರಿಗೆ ಬೇಕು? ಆದರೂ ಕೆಲವು ತಿಂಗಳಿಂದ ಭಾನುವಾರ ಎರಡನೆಯ ಬಲಿಪೂಜೆ ಮುಗಿದ ಮೇಲೆ ಹದಿನೈದು ಇಪ್ಪತ್ತು ಜನ ಧರ್ಮೋಪದೇಶದ ಕೊಠಡಿಯಲ್ಲಿ ಉಳಿಯುತ್ತಾರೆ. ಗುರುಮಠದಲ್ಲಿ ಲತೀನ್ ಓದಿ, ಪರೀಕ್ಷೆ ಬರೆದು, ಆ ಸಂಜೆಯೇ ಮರೆತ ನಾವೂ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ.

ಶುರುವಾದದ್ದು ಹೀಗೆ. ಕ್ರಿಸ್ಮಸ್‌ಗೆ ಗಾನವೃಂದದವರು ಲತೀನ್ ಪೂಜೆಯ ಹಾಡುಗಳನ್ನು ಕಲಿಯುತ್ತಿದ್ದರು. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಿದ್ದರು, ಚೆನ್ನಾಗಿಯೇ ಹಾಡುತ್ತಿದ್ದರು. ಗಾನವೃಂದದಲ್ಲಿ ಸಾಫ್ಟ್‌ವೇರ್ ಕೆಲಸದ ಯುವಕನೊಬ್ಬ ಇದ್ದಾನೆ. ಅವನಿಗೆ ಒಂದೇ ಪದ ಒಂದು ಸಾಲಿನಲ್ಲಿ ಒಂದು ತರಹ, ಮುಂದಿನ ಸಾಲಿನಲ್ಲಿ ಇನ್ನೊಂದು ತರಹ ಬರುವುದೇಕೆ ಎಂಬ ಪ್ರಶ್ನೆ ಹುಟ್ಟಿತು. ಪಾತೆರ್, ಪಾತ್ರಿಸ್, ಪಾತ್ರೆಂ: ಎಲ್ಲವೂ ‘ತಂದೆ’ಯೇ. ಅಚ್ಚಿನ ತಪ್ಪೋ ಎಂದು ನಮ್ಮನ್ನು ಕೇಳಿದ. ತಪ್ಪಲ್ಲಪ್ಪಾ, ವಿಭಕ್ತಿ ಎಂದೆವು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಉ, ಅನ್ನು, ಇಂದ, ಗೆ ಇದ್ದ ಹಾಗೆಯೇ. ತಂದೆಯು, ತಂದೆಯನ್ನು, ತಂದೆಗೆ, ತಂದೆಯ. ಅವನ ಮುಖ ಅರಳಿತು.

ಮುಂದಿನ ವಾರ ಅವನು ಲ್ಯಾಪ್‌ಟಾಪ್ ಹಿಡಿದು ಬಂದ. ಮನೆಯಲ್ಲೇ ಬರೆದ ಚಿಕ್ಕ ಪ್ರೋಗ್ರಾಂ. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಒಳಗಿನ ಕೆಲಸ ಸರಳ. ಒಂದು ಕಡತದಲ್ಲಿ ಪದಗಳ ಮೂಲರೂಪ, ಇನ್ನೊಂದರಲ್ಲಿ ಪ್ರತ್ಯಯಗಳ ಕೋಷ್ಟಕ. ಯಂತ್ರ ಎರಡನ್ನೂ ಜೋಡಿಸಿ ಪ್ರಶ್ನೆ ಕೇಳುತ್ತದೆ: “ಪಾತೆರ್, ಚತುರ್ಥಿ, ಏಕವಚನ?” ನಾವು ‘ಪಾತ್ರಿ’ ಎಂದು ಒತ್ತಬೇಕು. ಸರಿಯಾದರೆ ಆ ಪ್ರಶ್ನೆ ಕೆಲವು ದಿನ ಬಿಟ್ಟು ಬರುತ್ತದೆ, ತಪ್ಪಾದರೆ ನಾಳೆಯೇ ಎದುರಾಗುತ್ತದೆ. ಇದು ಹೊಸ ಉಪಾಯವೇನಲ್ಲ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬವರು ಜರ್ಮನ್ ಭಾಷೆಯ ಪುಸ್ತಕವೊಂದರಲ್ಲಿ ಕಾಗದದ ಚೀಟಿಗಳನ್ನು ಪೆಟ್ಟಿಗೆಯ ಖಾನೆಗಳಲ್ಲಿಟ್ಟು ಹೀಗೆಯೇ ಕಲಿಯುವುದನ್ನು ಹೇಳಿಕೊಟ್ಟಿದ್ದರು. ಯಂತ್ರಕ್ಕೆ ಬೇಸರವಿಲ್ಲ ಎಂಬುದಷ್ಟೇ ವ್ಯತ್ಯಾಸ. ನಮ್ಮನ್ನು ಅದು ‘ಪಾತ್ರಿಬುಸ್’ ಎಂಬ ಒಂದೇ ಪದಕ್ಕೆ ಒಂಬತ್ತು ಸಲ ಕೇಳಿತು.

ಬೇಗ ತಿಳಿದುಬಂದ ಸಂಗತಿಯೊಂದಿದೆ. ಲತೀನ್ ಕಲಿಯಲು ಇಂಗ್ಲಿಷ್‌ಗಿಂತ ಕನ್ನಡವೇ ಒಳ್ಳೆಯ ಏಣಿ. ಲತೀನಿನ ಕ್ರಿಯಾಪದಕ್ಕೆ ‘ನಾನು’, ‘ನೀನು’ ಎಂದು ಬೇರೆ ಹೇಳಬೇಕಾಗಿಲ್ಲ, ಬಾಲದಲ್ಲೇ ಇರುತ್ತದೆ. ಆಮೊ, ಆಮಾಸ್, ಆಮಾತ್: ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾನೆ. ಇಲ್ಲೊಂದು ತಮಾಷೆಯೂ ನಡೆಯಿತು. ‘ಆಮಾತ್’ಗೆ ಒಬ್ಬ ಹುಡುಗಿ ‘ಪ್ರೀತಿಸುತ್ತಾಳೆ’ ಎಂದು ಒತ್ತಿದಳು. ಯಂತ್ರ ತಪ್ಪು ಎಂದಿತು. “ಯಾಕೆ ಫಾದರ್, ಲತೀನಿನಲ್ಲಿ ಗಂಡಸರು ಮಾತ್ರ ಪ್ರೀತಿಸೋದಾ?” ಎಂದು ಅವಳು ಕೇಳಿದಾಗ ಯುವಕ ತಲೆ ಕೆರೆದುಕೊಂಡ. ನ್ಯಾಯವಾದ ದೂರು. ಲತೀನಿನ ಆ ರೂಪ ಅವನು, ಅವಳು, ಅದು ಮೂವರಿಗೂ ಒಂದೇ. ಭೇದ ಮಾಡುವುದು ಕನ್ನಡ. ಮುಂದಿನ ವಾರಕ್ಕೆ ಮೂರೂ ಉತ್ತರ ಸರಿಯೆಂದು ತಿದ್ದುಪಡಿಯಾಯಿತು.

ಇಷ್ಟು ಸಣ್ಣ ಬಾಲಕ್ಕೆ ಇಷ್ಟು ಗಲಾಟೆಯೇ ಎಂದು ನೀವು ಕೇಳಬಹುದು. ಕ್ರೇದೊ ಎಂಬ ಪದವನ್ನೇ ನೋಡಿ. ಕೊನೆಯ ‘ಒ’ ಎಂದರೆ ‘ನಾನು’: ವಿಶ್ವಾಸಿಸುತ್ತೇನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರದ ಇಂಗ್ಲಿಷ್ ಪೂಜಾಗ್ರಂಥದಲ್ಲಿ ಅದು ‘ನಾವು ವಿಶ್ವಾಸಿಸುತ್ತೇವೆ’ ಎಂದಾಗಿತ್ತು. 2011ರಲ್ಲಿ ಬಳಕೆಗೆ ಬಂದ ಹೊಸ ಅನುವಾದ ಮತ್ತೆ ‘ನಾನು’ ಎಂಬುದಕ್ಕೆ ಮರಳಿತು. ಒಂದು ಸ್ವರಾಕ್ಷರಕ್ಕಾಗಿ ಪುಸ್ತಕಗಳೇ ಬದಲಾದವು. (325ರ ನಿಸೇಯ ಮಹಾಸಭೆಯ ಗ್ರೀಕ್ ಮೂಲದಲ್ಲಿ ‘ನಾವು’ ಎಂದೇ ಇದೆ, ಆದ್ದರಿಂದ ಆ ಹಳೆಯ ಅನುವಾದಕರನ್ನು ನಾವು ಬೈಯುವುದು ಬೇಡ.)

ಇನ್ನೂ ಹತ್ತಿರದ್ದು ಶಿಲುಬೆಯ ಗುರುತು. ಪಿತ, ಸುತ, ಪವಿತ್ರಾತ್ಮರು ಎಂಬ ಮೂರಕ್ಕೂ ಕನ್ನಡದಲ್ಲಿ ನಾವು ಒಂದೇ ಷಷ್ಠಿ ‘ಅ’ ಹಚ್ಚುತ್ತೇವೆ. ಲತೀನಿನಲ್ಲಿ ಮೂರೂ ಮೂರು ಗುಂಪಿನ ಪದಗಳು: ಪಾತ್ರಿಸ್, ಫೀಲಿಯಿ, ಸ್ಪಿರಿತುಸ್. ಒಂದೇ ವಿಭಕ್ತಿ, ಮೂರು ಬೇರೆ ಪ್ರತ್ಯಯ. ಆದರೆ ‘ಹೆಸರಿನಲ್ಲಿ’ ಎಂಬ ಪದ ‘ನೋಮಿನೆ’, ಏಕವಚನ. ಮೂವರಿದ್ದಾರೆ, ಹೆಸರು ಒಂದೇ. ಕನ್ನಡದಲ್ಲಿಯೂ ‘ನಾಮಗಳಲ್ಲಿ’ ಎನ್ನುವುದಿಲ್ಲ, ಗಮನಿಸಿದ್ದೀರಾ? ತ್ರಿತ್ವದ ಬಗ್ಗೆ ಇಷ್ಟು ವರ್ಷ ಪ್ರಬೋಧನೆ ಮಾಡಿದ ನಮಗೆ ಇದು ಕಣ್ಣಿಗೆ ಬಿದ್ದದ್ದು ಆ ಕಪ್ಪು ಪರದೆ “ಏಕವಚನವೋ ಬಹುವಚನವೋ?” ಎಂದು ಕೇಳಿದ ದಿನ.

ಕಂಪ್ಯೂಟರಿಗೂ ಲತೀನಿಗೂ ನಂಟು ಹಳೆಯದು ಎಂಬುದನ್ನು ನಮ್ಮ ಐ.ಟಿ. ಮಕ್ಕಳು ತಿಳಿಯಬೇಕು. ಇಟಲಿಯ ಯೇಸುಸಭೆಯ ಗುರು ರೊಬೆರ್ತೊ ಬೂಸಾ ಅವರು ಸಂತ ತೋಮಸ್ ಅಕ್ವಿನಾಸರ ಬರಹಗಳಲ್ಲಿ ‘ಇನ್’ ಎಂಬ ಪುಟ್ಟ ಪದದ ಬಳಕೆಯನ್ನು ಹುಡುಕುತ್ತಿದ್ದರು. ಕೈಯಿಂದ ಆಗದ ಕೆಲಸವೆಂದು ತಿಳಿದು 1949ರಲ್ಲಿ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್‌ರನ್ನು ಕಂಡರು. ರಂಧ್ರ ಕೊರೆದ ಕಾರ್ಡುಗಳ ಮೇಲೆ ಒಂದೊಂದೇ ಪದವನ್ನು ಏರಿಸಲಾಯಿತು. ಗಲ್ಲರಾತೆ ಎಂಬ ಊರಿನಲ್ಲಿ ಆ ಕಾರ್ಡುಗಳನ್ನು ಕೊರೆದವರು ತರಬೇತಿ ಪಡೆದ ತರುಣಿಯರು. ಒಂದು ಕೋಟಿಗೂ ಹೆಚ್ಚು ಪದಗಳು, ಪ್ರತಿ ರೂಪವೂ ತನ್ನ ಮೂಲಪದದ ಕೆಳಗೆ. ಮುಗಿಯಲು ಸುಮಾರು ಮೂವತ್ತು ವರ್ಷ ಹಿಡಿಯಿತು, ಅಚ್ಚಾದಾಗ 56 ಸಂಪುಟಗಳಾದವು. ನಮ್ಮ ಯುವಕನ ಹಾಗೆ ಮನೆಯಲ್ಲಿ ಕುಳಿತು ಬರೆದವರೂ ಇದ್ದಾರೆ. ಅಮೆರಿಕದ ವಾಯುಸೇನೆಯ ನಿವೃತ್ತ ಕರ್ನಲ್ ವಿಲಿಯಂ ವಿಟೇಕರ್ (2010ರಲ್ಲಿ ತೀರಿಕೊಂಡರು) ‘ವರ್ಡ್ಸ್’ ಎಂಬ ಪ್ರೋಗ್ರಾಂ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಯಾವ ಲತೀನ್ ರೂಪ ಕೊಟ್ಟರೂ ಅದು ಬುಡ, ಬಾಲ ಬಿಡಿಸಿ ತೋರಿಸುತ್ತದೆ. ಅದರ ನಿಘಂಟಿನ ಸುಮಾರು 39,000 ನಮೂದುಗಳಿಂದ ಲಕ್ಷಾಂತರ ರೂಪಗಳು ಹೊರಡುತ್ತವೆ.

ಅಷ್ಟು ದೂರ ಏಕೆ, ನಮ್ಮ ಬೆಂಗಳೂರನ್ನೇ ನೋಡೋಣ. ಫ್ರಾನ್ಸಿನಿಂದ ಮೈಸೂರು ಸೀಮೆಗೆ ಬಂದ ಗುರುಗಳಿಗೆ ಕನ್ನಡ ಕಲಿಯಲು ಪುಸ್ತಕ ಬೇಕಾಗಿತ್ತು. ಗುರುಗಳೆಲ್ಲರಿಗೂ ತಿಳಿದ ಭಾಷೆ ಲತೀನ್. ಹಾಗಾಗಿ ಸ್ವಾಮಿ ಬುತೆಲೂ ಅವರ ಕನ್ನಡ-ಲತೀನ್ ನಿಘಂಟು 1855ರಲ್ಲಿ, ಧರ್ಮಾಧ್ಯಕ್ಷ ಶಾರ್ಬೊನೊ ಅವರ ಲತೀನ್-ಕನ್ನಡ ನಿಘಂಟು 1861ರಲ್ಲಿ ಇಲ್ಲೇ ಬೆಂಗಳೂರಿನಲ್ಲಿ ಅಚ್ಚಾದವು. ಅವರು ಲತೀನಿನಿಂದ ಕನ್ನಡಕ್ಕೆ ಏಣಿ ಹಾಕಿಕೊಂಡರು. ಅದೇ ಏಣಿಯನ್ನು ನಾವು ಈಗ ಆ ಕಡೆಯಿಂದ ಹತ್ತುತ್ತಿದ್ದೇವೆ.

ಇನ್ನು ಅಜ್ಜಿಯ ವಿಷಯ. ತರಗತಿಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬರುತ್ತಾರೆ. ಕನಕಪುರದ ಕಡೆಯವರು. ಚಿಕ್ಕಂದಿನಲ್ಲಿ ಉಪದೇಶಿಗಳು ಬಾಯಿಪಾಠ ಮಾಡಿಸಿದ ಲತೀನ್ ಪೂಜೆ ಅವರಿಗೆ ಪೂರ್ತಿ ನೆನಪಿದೆ, ಅರ್ಥ ಮಾತ್ರ ತಿಳಿಯದು. 1963ರ ಡಿಸೆಂಬರ್ 4ರಂದು ಮಹಾಸಭೆ ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು, ಕನ್ನಡ ಪೂಜೆ ಬಂತು. ಅದು ಬಂದದ್ದು ಒಳ್ಳೆಯದೇ. ಹಳೆಯದಕ್ಕೆ ಹಿಂದಿರುಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಜನರು ತಮ್ಮ ಪಾಲಿನ ಭಾಗಗಳನ್ನು ಲತೀನಿನಲ್ಲಿಯೂ ಹೇಳಲು, ಹಾಡಲು ಬಲ್ಲವರಾಗಿರಲಿ ಎಂದು ಅದೇ ದಸ್ತಾವೇಜು ಹೇಳಿದ್ದನ್ನು ನಾವು ಮರೆತುಬಿಟ್ಟೆವು. ಅಜ್ಜಿ ಮರೆತಿರಲಿಲ್ಲ.

ಒಂದು ಭಾನುವಾರ ಸಂಬೋಧನಾ ವಿಭಕ್ತಿಯ ಪಾಠ. ‘ಉಸ್’ ಎಂದು ಮುಗಿಯುವ ಪದವನ್ನು ಕೂಗಿ ಕರೆಯುವಾಗ ಅದು ‘ಎ’ ಆಗುತ್ತದೆ: ದೋಮಿನುಸ್, ಓ ದೋಮಿನೆ. ಪರದೆಯ ಮೇಲೆ ‘ಆನ್ಯುಸ್’ ಬಂತು, ಅಂದರೆ ಕುರಿಮರಿ. ನಾವೆಲ್ಲ ನಿಯಮದಂತೆ ‘ಆನ್ಯೆ’ ಎಂದೆವು. ಯಂತ್ರ ಸರಿ ಎಂದಿತು. ಅಜ್ಜಿ ಒಪ್ಪಲಿಲ್ಲ. ದೇವರ ಕುರಿಮರಿಯನ್ನು ಕರೆಯುವಾಗ ‘ಆನ್ಯುಸ್’ ಎಂದೇ ಹಾಡುವುದು ಎಂದರು. ಮೊಮ್ಮಗಳು ಅದನ್ನೇ ಒತ್ತಿದಳು. ತಪ್ಪು ಎಂದು ಕೆಂಪಕ್ಷರ ಮೂಡಿತು. “ಅದೇನಪ್ಪ, ನಿನ್ನ ಮಿಶಿನ್ನು ನಮ್ಮ ಉಪದೇಶಿಗಳಿಗಿಂತ ಹೆಚ್ಚು ತಿಳ್ಕಂಡೈತಾ?” ಎಂದು ಅಜ್ಜಿ ಯುವಕನನ್ನು ಕೇಳಿದರು. ಅವನು ಮೆಲ್ಲಗೆ, “ರೂಲ್ ಪ್ರಕಾರ ಅದು ತಪ್ಪೇ ಅಜ್ಜಿ” ಎಂದ. ಅಜ್ಜಿ ಸುಮ್ಮನಾದರು. ಎಪ್ಪತ್ತು ವರ್ಷ ಹಾಡಿದ್ದು ತಪ್ಪೆಂದು ಕೇಳಿಸಿಕೊಂಡವರ ಮುಖ ಹೇಗಿರುತ್ತದೆಂದು ಅಂದು ನೋಡಿದೆವು. ನಾವೂ ಬಾಯಿ ಬಿಡಲಿಲ್ಲ, ಅದು ನಮ್ಮ ತಪ್ಪು.

ಮನೆಗೆ ಹೋಗಿ ಪೂಜಾಗ್ರಂಥ ತೆಗೆದೆವು. ಅಜ್ಜಿಯೇ ಸರಿ. ಆ ಪ್ರಾರ್ಥನೆಯಲ್ಲಿ ಇರುವುದು ‘ಆನ್ಯುಸ್’; ಪ್ರಥಮಾ ವಿಭಕ್ತಿಯ ರೂಪದಲ್ಲೇ ಕರೆಯುವುದು. ಕರೆಯುತ್ತಿದ್ದೇವೆ ಎಂಬುದು ಮುಂದಿನ ಕ್ರಿಯಾಪದ ‘ತೊಲ್ಲಿಸ್’ನ ಬಾಲದಿಂದ ತಿಳಿಯುತ್ತದೆ. ‘ಸ್’ ಎಂದರೆ ‘ನೀನು’. ‘ದೇವುಸ್’ ಎಂಬ ಪದವೂ ಹಾಗೆಯೇ, ಕರೆಯುವಾಗಲೂ ದೇವುಸ್. ನಿಯಮ ಬರೆದ ಕೋಷ್ಟಕದಲ್ಲಿ ಇಲ್ಲದ್ದು ಅಜ್ಜಿಯ ಬಾಯಲ್ಲಿ ಇತ್ತು.

ಆ ರಾತ್ರಿಯೇ ಯುವಕನಿಗೆ ಫೋನ್ ಮಾಡಿದೆವು. ಅವನು ಕೆಲಸ ಮುಗಿಸಿ ಮೆಟ್ರೊದಲ್ಲಿ ಬರುತ್ತಿದ್ದ. ಮುಂದಿನ ಭಾನುವಾರ ಪಾಠಕ್ಕೆ ಮುಂಚೆ ಅಜ್ಜಿಯ ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದು ತೋರಿಸಿದ. ಕಡತದಲ್ಲಿ ಹೊಸ ಸಾಲು ಸೇರಿತ್ತು, ಎದುರಿಗೆ ಕನ್ನಡದಲ್ಲಿ ಟಿಪ್ಪಣಿ: ‘ಅಜ್ಜಿ ಹೇಳಿದ್ದು, ಸರಿ.’ ಅಜ್ಜಿ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಓದಿದರು. ಆಮೇಲೆ ಆ ಪದಕ್ಕೆ ಅರ್ಥವೇನೆಂದು ಕೇಳಿದರು. “ಕುರಿಮರಿ ಅಜ್ಜಿ, ದೇವರ ಕುರಿಮರಿ. ತೊಲ್ಲಿಸ್ ಅಂದರೆ ನೀನು ತೆಗೆದುಹಾಕುತ್ತೀಯೆ.” “ಏನನ್ನ?” ಎಂದರು. “ಪಾಪಗಳನ್ನ.” ಅಜ್ಜಿ ಆ ‘ಅನ್ನ’ವನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು.

ಬರುವ ಭಾನುವಾರ ‘ಸ್ಪಿರಿತುಸ್’ ಎಂಬ ಪದದ ಗುಂಪು ಆರಂಭ. ಅಲ್ಲಿ ಪ್ರಥಮಾ, ಷಷ್ಠಿ ಎರಡೂ ಬರಹದಲ್ಲಿ ಒಂದೇ ತರಹ ಕಾಣುತ್ತವೆ, ಯಂತ್ರವೂ ತಡವರಿಸುತ್ತದೆ. ಬರುವವರು ಒಂದು ನೋಟ್‌ಬುಕ್ ತನ್ನಿ. ಅಜ್ಜಿಗೆ ಮುಂದಿನ ಬೆಂಚಿನಲ್ಲಿ ಜಾಗ ಬಿಡಿ.